ನಾಟಕ ಹೇಗಿತ್ತು?



ಊರಿನಲ್ಲಿ ನಾಟಕ ನಡೆದ ಮರುದಿನ ನಾವು ಏನು ಮಾಡುತ್ತೇವೆ? ಅದರ ಬಗ್ಗೆಯೇ ಮಾತಾಡುತ್ತೇವೆ. ಒಬ್ಬರು ಚೆನ್ನಾಗಿತ್ತು ಅಂತಾರೆ. ಇನ್ನೊಬ್ಬರು ಇಲ್ಲ ಅಂತಾರೆ. ನೋಡಿದ್ದನ್ನು ತೂಗಿ, ಕಾರಣ ಕೊಟ್ಟು ಹೇಳುವುದಕ್ಕೆ ವಿಮರ್ಶೆ ಎನ್ನುತ್ತಾರೆ. ಹಾಗೆ ಹೇಳುವವರು ವಿಮರ್ಶಕರು. ಪತ್ರಿಕೆಯಲ್ಲಿ ಬರೆಯುವವರು ಮಾತ್ರ ವಿಮರ್ಶಕರಲ್ಲ. ನಾವೂ ವಿಮರ್ಶಕರೇ.

ಮಸಿನಗುಡಿ ಹತ್ತಿರದ ಒಂದು ಊರು. ಅಲ್ಲಿ ಒಬ್ಬ ಮಾವ ಇದ್ದಾರೆ. ಅವರ ತಂಗಿಯ ಮಗಳೂ ಅದೇ ಊರಿನಲ್ಲಿದ್ದಾಳೆ. ಇಬ್ಬರೂ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಈ ವರ್ಷ ಊರಲ್ಲಿ ಎರಡು ನಾಟಕ ಆಯಿತು. ಹಬ್ಬಕ್ಕೆ ಕುರುಕ್ಷೇತ್ರ ನಾಟಕ. ಆಮೇಲೆ ಹುಡುಗರು ಆಡಿದ ಬೀದಿ ನಾಟಕ. ಇಬ್ಬರ ಮಾತು ಕೇಳೋಣ ಬನ್ನಿ.

ಮಾವ: ನಾಟಕ ಅಂದ್ರೆ ಹಬ್ಬದ ನಾಟಕ ಕಣವ್ವ. ಸೀನರಿ ಏನು, ಕಿರೀಟ ಏನು, ಹಾರ್ಮೋನಿಯಂ ಏನು! ಭೀಮ ಗದೆ ಎತ್ತಿದಾಗ ನನ್ನ ಮೈ ಜುಮ್ಮೆಂದಿತು. ಹುಡುಗರು ಬೀದೀಲಿ ಆಡಿದ್ದೂ ಒಂದು ನಾಟಕವೇ? ಪರದೆ ಇಲ್ಲ, ಬಣ್ಣ ಇಲ್ಲ.

ಸೊಸೆ: ಮಾವ, ಹಬ್ಬದ ನಾಟಕ ನೀವು ಎಲ್ಲಿ ಕೂತು ನೋಡಿದ್ರಿ?

ಮಾವ: ಮುಂದಿನ ಸಾಲಲ್ಲಿ.

ಸೊಸೆ: ನಾವು ಹೆಂಗಸರು ಹಿಂದೆ ಕೂತಿದ್ವಿ. ಹಾರ್ಮೋನಿಯಂ ಕೇಳಿಸಿತು, ಮಾತು ಕೇಳಿಸಲಿಲ್ಲ. ಕೇಳಿಸಿದ್ದೂ ಅರ್ಧ ತಿಳೀಲಿಲ್ಲ. ನಾಟಕ ಮುಗಿಯೋ ಹೊತ್ತಿಗೆ ರಾತ್ರಿ ಎರಡು ಗಂಟೆ. ಮಲಗಿದ ಮಕ್ಕಳನ್ನ ಎತ್ಕೊಂಡು ಮನೆಗೆ ಹೋಗಬೇಕು.

ಮಾವ: ಗುಬ್ಬಿ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದಿದ್ರಂತೆ. ಗೊತ್ತಾ?

ಸೊಸೆ: ನಮಗೆ ಮನೆ ದಾರಿಯಲ್ಲೇ ಆನೆ ನಿಂತಿರ್ತದಲ್ಲ ಮಾವ. ಅದೇ ಭಯ. ಹುಡುಗರ ನಾಟಕ ಹಗಲಲ್ಲೇ ಮುಗೀತು. ಸುತ್ತ ನಿಂತು ನೋಡಿದ್ವಿ. ನಮ್ಮ ಮನೆ ಮಾತಲ್ಲೇ ಇತ್ತು.

ಮಾವ: ಮಾತು ಗಟ್ಟಿ ಇರಬೇಕು ಕಣವ್ವ. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ನಾಟಕದ ಮೇಷ್ಟ್ರು ಹೇಳಿಕೊಟ್ಟದ್ದನ್ನ ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಇವತ್ತಿಗೂ ಮರೆತಿಲ್ಲ. ಡಾ. ರಾಜಕುಮಾರ್ ಅವರನ್ನೇ ನೋಡು. ಈರೋಡು ಜಿಲ್ಲೆಯ ಗಾಜನೂರಿನವರು. ಅವರೂ ನಮ್ಮ ಹಾಗೆ ತಮಿಳುನಾಡಿನ ಕನ್ನಡದವರು. ಹೆಚ್ಚು ಶಾಲೆ ಓದಲಿಲ್ಲ. ಗುಬ್ಬಿ ಕಂಪನಿಯಲ್ಲಿ ಆಡಿ ಬೆಳೆದರು. ಅವರ ಕನ್ನಡ ಎಷ್ಟು ಚೆಂದ!

ಸೊಸೆ: ಅದನ್ನ ಒಪ್ಪಿದೆ. ಆದ್ರೆ ನನ್ನದೂ ಒಂದು ಮಾತಿದೆ. ನನ್ನ ಮಗ ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಓದ್ತಾನೆ. ಕನ್ನಡ ಮನೇಲಿ ಆಡೋದು ಅಷ್ಟೇ. ಆ ಬೀದಿ ನಾಟಕದಲ್ಲಿ ಸಾಲ ಮಾಡಿದ ಹೆಂಗಸು ಒಂದು ಮಾತು ಹೇಳ್ತಾಳಲ್ಲ, “ಓದೋಕೆ ಬರಲ್ಲ ಅಂತ ತಾನೇ ಹೆಬ್ಬೆಟ್ಟು ಒತ್ತಿಸ್ಕೊಂಡೆ?” ಅಂತ. ಅದನ್ನೇ ಅವನು ದಿನವೆಲ್ಲ ಹೇಳ್ತಿದ್ದ. ಕೊನೆಗೆ, “ಅಮ್ಮ, ಇದನ್ನ ಕನ್ನಡದಲ್ಲಿ ಬರೆದು ತೋರಿಸು” ಅಂದ.

(ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.)

ಮಾವ: ಬರೆದೆಯಾ?

ಸೊಸೆ: ಬರೆದೆ ಮಾವ. ಎರಡು ಒತ್ತಕ್ಷರ ತಪ್ಪಿತ್ತು. ತಿದ್ದಿ ಬರೆದೆ.

ಮಾವ: ಒಳ್ಳೇದಾಯ್ತು. ಆದರೂ ಕೇಳು. ಸಾಲ ಕೊಟ್ಟವನು ಕೆಟ್ಟವನು ಅಂತ ಬಂದ ಕೂಡಲೇ ಗೊತ್ತಾಯ್ತು. ಆಮೇಲೆ ಬರೀ ಕೂಗಾಟ. ನಮ್ಮ ದುರ್ಯೋಧನ ಹಾಗಲ್ಲ. ಅವನು ಕೆಟ್ಟವನೇ. ಆದ್ರೂ ಅವನು ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು.

ಸೊಸೆ: ಅದು ನಿಜ ಮಾವ. ಆ ಹುಡುಗರಿಗೆ ಇದನ್ನ ಹೇಳಬೇಕು. ಹಬ್ಬದ ನಾಟಕದವರಿಗೂ ಹೇಳಬೇಕು. ಸಂಜೆ ಆರಕ್ಕೆ ಶುರು ಮಾಡಲಿ. ಹೆಂಗಸರಿಗೂ ಮುಂದೆ ಜಾಗ ಕೊಡಲಿ. ಎಲ್ಲರ ಮನೆ ಹಣ ಸೇರಿಯೇ ತಾನೇ ನಾಟಕ ಆಗೋದು?

ಮಾವ: ಹೇಳೋಣ. ಆದ್ರೆ ಕಿರೀಟ ಮಾತ್ರ ಇರಲೇಬೇಕು!

ತಿಳಿಯೋಣ

ಈ ವಾದ ಹೊಸದಲ್ಲ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಶುರುವಾಯಿತು. ಗುಬ್ಬಿ ವೀರಣ್ಣನವರು ಚಿಕ್ಕ ಹುಡುಗನಾಗಿ ಅದನ್ನು ಸೇರಿ, ಮುಂದೆ ಅದರ ಒಡೆಯರಾದರು. ಕಂಪನಿ ನಾಟಕದಲ್ಲಿ ಹಾಡು ಮತ್ತು ಸೀನರಿಗೆ ಹೆಚ್ಚು ಬೆಲೆ. ಟಿ. ಪಿ. ಕೈಲಾಸಂ (1884–1946) ಬೇರೆ ದಾರಿ ಹಿಡಿದರು. ‘ಟೊಳ್ಳುಗಟ್ಟಿ’ಯಂಥ ನಾಟಕ ಬರೆದು, ಮನೆಯಲ್ಲಿ ಆಡುವ ಮಾತನ್ನೇ ರಂಗಕ್ಕೆ ತಂದರು. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬೀದಿಯಲ್ಲಿ ನಾಟಕ ಆಡಿತು.

ಹೆಗ್ಗೋಡು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ 1949ರಲ್ಲಿ ನೀನಾಸಂ ಸಂಘ ಹುಟ್ಟಿತು. ಅದರ ‘ತಿರುಗಾಟ’ ತಂಡ 1985ರಿಂದ ಊರೂರು ತಿರುಗಿ ನಾಟಕ ತೋರಿಸುತ್ತಾ ಬಂದಿದೆ. ಸಂಘ ಕಟ್ಟಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾಟಕ ನೋಡುವುದನ್ನೂ ಕಲಿಯಬೇಕು, ನೋಡಿದ ಮೇಲೆ ಕೂತು ಮಾತಾಡಬೇಕು ಎಂದು ಅಲ್ಲಿ ಕಲಿಸುತ್ತಾರೆ.

ಮಾವ, ಸೊಸೆ ಇಬ್ಬರೂ ಜಗಳ ಆಡಲಿಲ್ಲ. ಕಾರಣ ಕೊಟ್ಟರು. ಎದುರಿನವರ ಮಾತು ಸರಿ ಅನ್ನಿಸಿದಾಗ ಒಪ್ಪಿದರು. ಇದೇ ಒಳ್ಳೆಯ ವಿಮರ್ಶೆ.

ಹೊಸ ಪದಗಳು

ವಿಮರ್ಶೆ – ಒಳ್ಳೆಯದು, ಕೊರತೆ ಎರಡನ್ನೂ ಕಾರಣ ಕೊಟ್ಟು ಹೇಳುವುದು
ರಂಗ – ನಾಟಕ ಆಡುವ ಜಾಗ
ಬಾಯಿಪಾಠ – ನೋಡದೆ ಹೇಳುವಂತೆ ಕಲಿಯುವುದು

ಉತ್ತರ ಹೇಳಿ

1. ಹೆಂಗಸರಿಗೆ ಹಬ್ಬದ ನಾಟಕದ ಮಾತು ಯಾಕೆ ಕೇಳಿಸಲಿಲ್ಲ?
2. ಬೀದಿ ನಾಟಕದಲ್ಲಿ ಮಾವ ಕಂಡ ಕೊರತೆ ಯಾವುದು?
3. ಮಗ ಅಮ್ಮನಿಗೆ ಏನು ಬರೆದು ತೋರಿಸು ಅಂದ?
4. ನೀವು ಯಾರ ಕಡೆ? ಯಾಕೆ?

ಬಿಟ್ಟ ಪದ ತುಂಬಿ

1. ರಾಜಕುಮಾರ್ ಅವರ ಊರು ______.
2. ನೀನಾಸಂ ಸಂಘ ______ರಲ್ಲಿ ಹುಟ್ಟಿತು.

ನೀವೂ ಬರೆಯಿರಿ

ನೀವು ನೋಡಿದ ಒಂದು ನಾಟಕದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಹಿಡಿಸಿದ್ದು ಎರಡು ಸಾಲು, ಹಿಡಿಸದ್ದು ಎರಡು ಸಾಲು. ‘ಯಾಕೆಂದರೆ’ ಎಂಬ ಪದ ಮರೆಯಬೇಡಿ. ಬರೆದದ್ದನ್ನು ಕೇಂದ್ರದಲ್ಲಿ ಎಲ್ಲರ ಮುಂದೆ ಓದಿ.