ಹಳಿ ಬಾಗಿದ್ದು ಮಗನ ತಪ್ಪೇ?

ಕ್ರಿಸ್‌ಮಸ್ ಮುಗಿದು ಗೋದಲಿ ಬಿಚ್ಚಿದ ಮೇಲೆ ಅದರ ಹಲಗೆಯ ಮೇಲೆಯೇ ಪುಟ್ಟ ಹಳಿ ಜೋಡಿಸಿ, ಮಾದರಿ ರೈಲು ಓಡಿಸುವ ಹವ್ಯಾಸ ನಿಮ್ಮ ಮನೆಯಲ್ಲಿದ್ದರೆ ಈ ಪಾಠ ನಿಮಗಾಗಿ. ಜನವರಿಯಲ್ಲಿ ಸರಾಗವಾಗಿ ಓಡಿದ ರೈಲು ಮಾರ್ಚ್ ತಿಂಗಳಲ್ಲಿ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಹಳಿ ತಪ್ಪುತ್ತದೆ. "ಏನೋ ಮಾಡಿಟ್ಟೆ?" ಎಂದು ನೀವು ಗದರುತ್ತೀರಿ. "ನಾ ಏನೂ ಮುಟ್ಟಿಲ್ಲಪ್ಪಾ" ಎಂದು ಮಗ ಕಣ್ಣೀರು ಹಾಕುತ್ತಾನೆ. ಅವನ ಮಾತು ನಿಜವಿರಬಹುದು.

ನಮ್ಮ ದಾಂಡೇಲಿ, ಜೋಯಿಡಾ ಕಡೆಯ ವಸಂತವನ್ನು ನೆನೆಯಿರಿ. ಬೆಳಿಗ್ಗೆ ಚಳಿ, ಹುಲ್ಲಿನ ಮೇಲೆ ಇಬ್ಬನಿ. ಮಧ್ಯಾಹ್ನಕ್ಕೆ ಸುಡುವ ಬಿಸಿಲು. ಮಾವು ಹೂ ಬಿಟ್ಟಿರುತ್ತದೆ, ಮುತ್ತುಗ ಕೆಂಪಾಗಿರುತ್ತದೆ, ತೇಗದ ಎಲೆಗಳು ಉದುರಿರುತ್ತವೆ. ಗಾಳಿ ಒಣಗುತ್ತದೆ. ಗಾಳಿಯೊಡನೆ ಹಲಗೆಯೂ ಒಣಗುತ್ತದೆ. ಮರ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಎಳೆಗೆ ಅಡ್ಡವಾಗಿ ಕುಗ್ಗುತ್ತದೆ. ಒಂದಡಿ ಅಗಲದ ಹಲಗೆ ಎರಡು ಮಿಲಿಮೀಟರ್ ಸಣ್ಣದಾದರೂ ಆಶ್ಚರ್ಯವಿಲ್ಲ. ಮೇಲಿನ ಲೋಹದ ಹಳಿ ಕುಗ್ಗುವುದಿಲ್ಲ. ಅದಕ್ಕೆ ಜಾಗ ಸಾಲದೆ ಪಕ್ಕಕ್ಕೆ ಬಾಗುತ್ತದೆ. ಹಳಿಯೇ ಬಿಸಿಲಿಗೆ ಹಿಗ್ಗಿತು ಎಂದು ಬಹಳ ಮಂದಿ ತಿಳಿಯುತ್ತಾರೆ. ಮನೆಯೊಳಗೆ ಹತ್ತು ಡಿಗ್ರಿ ಸೆಕೆ ಏರಿದರೆ ಒಂದು ಮೀಟರ್ ಹಳಿ ಹಿಗ್ಗುವುದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟೂ ಇಲ್ಲ. ದೋಷ ಹಲಗೆಯದು.

ದೊಡ್ಡ ರೈಲಿನ ಕಥೆ ಬೇರೆ. 13 ಮೀಟರ್ ಉದ್ದದ ಉಕ್ಕಿನ ಹಳಿ 30 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು ನಾಲ್ಕೂವರೆ ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೇ ಹಿಂದೆ ಪ್ರತಿ ಜೋಡಣೆಯಲ್ಲೂ ಸಂದು ಬಿಡುತ್ತಿದ್ದರು. ನಮ್ಮನ್ನು ತೂಗಿ ಮಲಗಿಸುತ್ತಿದ್ದ ಟಕಟಕ ಸದ್ದು ಆ ಸಂದಿನದೇ. ಈಗ ಹೆಚ್ಚಿನ ಕಡೆ ಹಳಿಗಳನ್ನು ಉದ್ದಕ್ಕೆ ಬೆಸೆಯುತ್ತಾರೆ, ಸ್ಲೀಪರು ಜಲ್ಲಿಗಳೇ ಬಿಗಿಹಿಡಿಯುತ್ತವೆ. ಬಿಸಿಲುಗಾಲದಲ್ಲಿ ಸಿಬ್ಬಂದಿ ನಡೆದು ಹಳಿ ನೋಡುವುದು ಈಗಲೂ ಉಂಟು.

ನೀವೂ ಸಂದು ಬಿಡಿ. ಹಳೆಯ ಎಟಿಎಂ ಕಾರ್ಡನ್ನು ಎರಡು ಹಳಿಗಳ ನಡುವೆ ಇಟ್ಟು ಜೋಡಿಸಿದರೆ ಸಾಕು, ಚಕ್ರಕ್ಕೆ ತೊಂದರೆಯಾಗದು. ಆ ಜೋಡಣೆಗೆ ಬೆಸುಗೆ ಹಾಕಬೇಡಿ. ಹಲಗೆಯ ಮೇಲ್ಭಾಗಕ್ಕಷ್ಟೇ ಬಣ್ಣ ಹಚ್ಚದೆ ಅಡಿಗೂ ಅಂಚಿಗೂ ಹಚ್ಚಿದರೆ ತೇವ ನಿಧಾನವಾಗಿ ಹೋಗಿಬರುತ್ತದೆ. ಉದುರೆಲೆಯ ಧೂಳು ಹಳಿಗೆ ಕೂತು ಇಂಜಿನ್ ತಡವರಿಸಿದರೆ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿ. ಅದಕ್ಕೆ ಮೊದಲು ವಿದ್ಯುತ್ ಆರಿಸಿ, ಒರೆಸಿದ ಮೇಲೆ ಚೆನ್ನಾಗಿ ಆರಲು ಬಿಡಿ.

ಯಾವ ನಿಲ್ದಾಣ ಮಾಡಬೇಕು? ದೂರದ ಊರಿನದೇಕೆ? ಹಳಿಯಾಳದ ಹೆಸರಿನಲ್ಲಿ ಹಳಿ ಇದೆ, ಪಟ್ಟಣದಲ್ಲಿಲ್ಲ, ಮುಂಡಗೋಡಕ್ಕೂ ರೈಲಿಲ್ಲ. ಆದರೆ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ಗೆ 1888ರಿಂದ ಗೋವೆಯ ದಾರಿಯಿದೆ. ಅಲ್ಲಿಂದ ಕುಳೆಂವರೆಗಿನ ಘಟ್ಟದಲ್ಲಿ 37 ಅಡಿ ಸಾಗಿದರೆ ಒಂದಡಿ ಇಳಿಜಾರು. ನಿಮ್ಮ ಹಲಗೆಯ ಮೇಲೆ ಅದನ್ನು ಮಾಡಿ ನೋಡಿ, ಪುಟ್ಟ ಇಂಜಿನ್ ಎಷ್ಟು ಡಬ್ಬಿ ಎಳೆದೀತು ಎಂದು ತಿಳಿಯುತ್ತದೆ. 1990ರ ದಶಕದಲ್ಲಿ ಬದಲಾಗುವವರೆಗೆ ಅದು ಮೀಟರ್‌ಗೇಜ್. ಅಳ್ನಾವರದಿಂದ ದಾಂಡೇಲಿಗೆ ಬರುವ ಕವಲುದಾರಿಯಲ್ಲಿ ಕಾಡಿನ ಮರ ಸಾಗಿತು. ಬಹುಕಾಲ ನಿಂತಿದ್ದ ಪ್ರಯಾಣಿಕರ ರೈಲು 2019ರ ನವೆಂಬರಿನಲ್ಲಿ ಮತ್ತೆ ಬಂತು. ಹಳೆಯ ರೈಲನ್ನು ಹತ್ತಿದ ಅಜ್ಜ ಮನೆಯಲ್ಲಿದ್ದರೆ ಅವರನ್ನು ಹಲಗೆಯ ಪಕ್ಕ ಕೂರಿಸಿ, ನೀರಿನ ತೊಟ್ಟಿ ಎಲ್ಲಿತ್ತು, ಟಿಕೆಟ್ ಕಿಟಕಿ ಎಲ್ಲಿತ್ತು ಎಂದು ಮೊಮ್ಮಗ ಕೇಳಲಿ.

ಅದಕ್ಕೆ ಮುಂಚೆ ಒಂದು ಕೆಲಸ ಬಾಕಿಯಿದೆ. ಇವತ್ತು ಸಂಜೆ ಮಗನನ್ನು ಕರೆದು ಬಾಗಿದ ಹಳಿಯನ್ನು ತೋರಿಸಿ, "ಹಲಗೆ ಒಣಗಿದೆ ಕಣಪ್ಪಾ, ನಿನ್ನದೇನೂ ತಪ್ಪಿಲ್ಲ" ಎಂದು ಹೇಳಿ. ಸಣ್ಣ ಗರಗಸವನ್ನು ಅವನ ಕೈಗೇ ಕೊಡಿ, ಸಂದು ಅವನೇ ಕೊರೆಯಲಿ. ಹಲಗೆಯನ್ನು ನೀವು ಹಿಡಿದುಕೊಳ್ಳಿ.