ಚಾಂದನಿಯ ರಕ್ತದ ರಿಪೋರ್ಟು

ಪ್ರಥಮ ಪಿಯು ತರಗತಿಯಲ್ಲಿ ರಕ್ತದ ಪಾಠ ಮುಗಿದ ಮೇಲೆ ನಾನು ಒಂದು ಲ್ಯಾಬ್ ರಿಪೋರ್ಟು ತಂದು ಎಲ್ಲರ ಕೈಗೆ ಕೊಡುತ್ತೇನೆ. ಹೆಸರಿನ ಜಾಗದಲ್ಲಿ ‘ಚಾಂದನಿ, 9 ವರ್ಷ, ಹೆಣ್ಣು’ ಎಂದಿದೆ. ಮುಂದಿನ ಬೆಂಚಿನವರು ನೋಡಿದ ಕೂಡಲೇ, ‘ಸರ್, ಈ ಹುಡುಗಿಗೆ ಕಾಮಣಿ ಆಗೇತಿ, ಮೈಯಾಗ ರಕ್ತಾನೂ ಇಲ್ಲ’ ಎನ್ನುತ್ತಾರೆ. ಚಾಂದನಿ ಹುಡುಗಿಯಲ್ಲ, ಕುದುರೆ. ವಿಜಯಪುರದ ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆಯುವ ನನ್ನ ಚಾಚಾ ಅವರ ಕುದುರೆ. ಈ ಮಕ್ಕಳು ಮಾಡುವ ತಪ್ಪನ್ನು ಎರಡು ವರ್ಷದ ಹಿಂದೆ ನಾನೂ ಮಾಡಿದ್ದೆ, ಎಂ.ಎಸ್ಸಿ. ಓದಿದವನಾಗಿಯೂ.

ಮಳೆಗಾಲ ಮುಗಿಯುವ ಹೊತ್ತು. ಚಾಚಾ ಫೋನ್ ಮಾಡಿ, ‘ಬೇಟಾ, ಚಾಂದನಿ ಎರಡ ದಿನದಿಂದ ಮೇವ ಮುಟ್ಟವಲ್ದು, ಕಣ್ಣ ಹಳದಿ ಆಗ್ಯಾವ’ ಎಂದರು. ಹೊಟ್ಟೆಯ ಕೆಳಗೆ ಬಾವು ಇದೆ ಎಂದೂ ಹೇಳಿದರು. ಅದಕ್ಕೆ ನಾನು ಕಿವಿಗೊಡಲಿಲ್ಲ. ಪರಿಚಯದ ಕಾಂಪೌಂಡರ್ ಒಬ್ಬರಿಂದ ರಕ್ತ ತೆಗೆಸಿ, ಮನುಷ್ಯರ ರಕ್ತ ಪರೀಕ್ಷಿಸುವ ಒಂದು ಲ್ಯಾಬಿಗೆ ಕೊಡಿಸಿದೆ. ರಿಪೋರ್ಟು ಮೊಬೈಲಿಗೆ ಬಂತು. ಬಿಲಿರುಬಿನ್ 5.1, ಪಕ್ಕದಲ್ಲಿ ‘ಹೆಚ್ಚು’ ಎಂಬ ಗುರುತು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳು ತುಂಬಿರುವ ಪಾಲು, ಶೇ. 22. ‘ಕಡಿಮೆ’. ಒಂದೊಂದು ಕೆಂಪು ಕಣದ ಗಾತ್ರ 44 ಫೆಮ್ಟೊಲೀಟರ್. ಅದೂ ‘ಕಡಿಮೆ’. ನಾನು ಫೋನಿನಲ್ಲಿಯೇ ತೀರ್ಪು ಕೊಟ್ಟೆ: ಯಕೃತ್ತು ಕೆಟ್ಟಿದೆ, ಕಬ್ಬಿಣದ ಅಂಶವೂ ಇಲ್ಲ, ಉಳಿಯುವುದು ಕಷ್ಟ. ಚಾಚಾ ಬಹಳ ಹೊತ್ತು ಮಾತಾಡಲಿಲ್ಲ. ಆ ಕುದುರೆಯ ದುಡಿಮೆಯಲ್ಲಿಯೇ ಅವರ ಮನೆಯ ಒಲೆ ಉರಿಯುತ್ತದೆ. ಮರುದಿನ ಅದನ್ನು ಸಿಕ್ಕಷ್ಟಕ್ಕೆ ಕೊಟ್ಟುಬಿಡಲು ಒಬ್ಬರೊಂದಿಗೆ ಮಾತನ್ನೂ ಆಡಿದ್ದರು.

ಕೊಡುವ ಮೊದಲು ಒಮ್ಮೆ ಸಾಲೋತ್ರಿಗೆ ತೋರಿಸೋಣ ಎಂದವರು ಚಾಚಿ. ನಮ್ಮ ಮನೆಯಲ್ಲಿ ಕುದುರೆ ವೈದ್ಯರಿಗೆ ಈಗಲೂ ಸಾಲೋತ್ರಿ ಎನ್ನುತ್ತಾರೆ. ಈ ಉರ್ದು ಮಾತಿನ ಬೇರು ಕುದುರೆ ವೈದ್ಯಕ್ಕೆ ಹೆಸರಾದ ಪ್ರಾಚೀನ ಶಾಲಿಹೋತ್ರನ ಹೆಸರಿನಲ್ಲಿದೆ. ಪಶುವೈದ್ಯರು ನಾನು ತೋರಿಸಿದ ರಿಪೋರ್ಟು ನೋಡಿ, ‘ಸರ, ಇದು ಮನುಷ್ಯಾರ ಲೆಕ್ಕದ ಚೀಟಿ. ಕುದರಿ ಎಲ್ಲಿ ಐತಿ?’ ಎಂದು ಕೇಳಿದರು. ಅವರು ಅಂಗಳದಲ್ಲಿ ನಿಂತು ಒಂದು ತಾಸು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಣದ ಗಾತ್ರ. ಮನುಷ್ಯರಲ್ಲಿ ಅದು 80ರಿಂದ 100 ಇರುತ್ತದೆ. ಕುದುರೆಯಲ್ಲಿ ಸುಮಾರು 37ರಿಂದ 58. ಆದ್ದರಿಂದ 44 ಸರಿಯಾಗಿಯೇ ಇದೆ. ಯಂತ್ರ ತನಗೆ ಕಲಿಸಿದ ಲೆಕ್ಕದಂತೆ ಗುರುತು ಹಾಕಿತ್ತು, ಅದರ ತಪ್ಪಿಲ್ಲ.

ಬಿಲಿರುಬಿನ್ ವಿಷಯ ಇನ್ನೂ ಸ್ವಾರಸ್ಯದ್ದು. ನಮ್ಮಲ್ಲಿ ಅದು 1.2 ದಾಟಿದರೆ ಚಿಂತೆ. ಆರೋಗ್ಯವಂತ ಕುದುರೆಯಲ್ಲಿ 2ರ ಮೇಲೂ ಇರಬಹುದು. ಕುದುರೆ ಒಂದೆರಡು ದಿನ ಮೇವು ಬಿಟ್ಟರೆ ಸಾಕು, ಯಕೃತ್ತಿಗೆ ಏನೂ ಆಗದಿದ್ದರೂ ಅದು 5ರವರೆಗೆ ಏರಿ ಕಣ್ಣು ಹಳದಿಯಾಗಬಹುದು. ಉಪವಾಸದಲ್ಲಿ ಯಕೃತ್ತು ರಕ್ತದಿಂದ ಬಿಲಿರುಬಿನ್ನನ್ನು ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಪಿತ್ತಕೋಶದ ಕಲ್ಲಿನ ಮಾತಂತೂ ಬೇಡ, ಕುದುರೆಗೆ ಪಿತ್ತಕೋಶವೇ ಇಲ್ಲ. ಯಕೃತ್ತಿನ ಸುಳಿವು ಬೇಕಾದರೆ ಜಿಜಿಟಿಯಂಥ ಕಿಣ್ವ ನೋಡಬೇಕು. ಅದೇ ರಿಪೋರ್ಟಿನ ಕೆಳಸಾಲಿನಲ್ಲಿ ಜಿಜಿಟಿ ಸರಿಯಾಗಿತ್ತು. ನಾನು ಅಲ್ಲಿಯವರೆಗೆ ಓದಿರಲೇ ಇಲ್ಲ.

ಇನ್ನು ಪಿಸಿವಿ. ಹಗುರ ಮೈಕಟ್ಟಿನ ಕುದುರೆಯಲ್ಲಿ ಅದು ಸುಮಾರು 32ರಿಂದ 48 ಇರಬೇಕು, ಹಾಗಾಗಿ 22 ನಿಜವಾಗಿಯೂ ಕಡಿಮೆ. ಗುಲ್ಮವನ್ನು ಕೆಂಪು ಕಣಗಳ ಕಬರಸ್ತಾನ ಎಂದು ನೀವು ಪುಸ್ತಕದಲ್ಲಿ ಓದಿದ್ದೀರಿ. ಕುದುರೆಯಲ್ಲಿ ಅದು ದೊಡ್ಡ ಗೋದಾಮೂ ಹೌದು. ಕುದುರೆ ಬೆದರಿದರೆ ಅಥವಾ ಓಡಿದರೆ ಗುಲ್ಮ ಮುದುಡಿಕೊಂಡು ತನ್ನಲ್ಲಿದ್ದ ಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ಜೋರಾಗಿ ಓಡಿದ ಕುದುರೆಯ ಪಿಸಿವಿ 60ರ ಹತ್ತಿರ ಹೋಗುವುದುಂಟು. ಸೂಜಿ ಕಂಡು ಚಾಂದನಿ ಒದ್ದಾಡಿತ್ತು. ಹಾಗಾದರೆ ಅದರ ನಿಜವಾದ ಅಂಕಿ 22ಕ್ಕಿಂತಲೂ ಕಡಿಮೆ ಇರಬೇಕು! ಮರುದಿನ ಶಾಂತವಾಗಿ ನಿಂತಾಗ ತೆಗೆದ ರಕ್ತದಲ್ಲಿ 19 ಬಂತು.

ವೈದ್ಯರು ಪಿಸಿವಿಯ ಪಕ್ಕದಲ್ಲಿ ಒಟ್ಟು ಪ್ರೋಟೀನನ್ನು ಇಟ್ಟು ಓದಿದರು. ಎರಡೂ ಏರಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಪಿಸಿವಿ ಮಾತ್ರ ಏರಿದ್ದರೆ ಗುಲ್ಮದ ಆಟವಿರಬಹುದು. ಪಿಸಿವಿ ಏರಿ ಪ್ರೋಟೀನು ಇಳಿಯುತ್ತಿದ್ದರೆ ಕರುಳಿನ ಮೂಲಕ ಪ್ರೋಟೀನು ಸೋರುತ್ತಿರಬಹುದು, ಹೊಟ್ಟೆಶೂಲೆಯ ಕುದುರೆಯಲ್ಲಿ ಅದು ಕೆಟ್ಟ ಲಕ್ಷಣ. ಚಾಂದನಿಯಲ್ಲಿ ಕಣಗಳು ಕಡಿಮೆ, ಪ್ರೋಟೀನು 7.9, ಅಂದರೆ ಹೆಚ್ಚು. ಏರಿದ್ದು ಗ್ಲಾಬ್ಯುಲಿನ್ ಭಾಗ. ಬಹಳ ದಿನದಿಂದ ಮೈ ಯಾವುದೋ ಶತ್ರುವಿನ ಜೊತೆ ಹೋರಾಡುತ್ತಾ ಪ್ರತಿಕಾಯ ತಯಾರಿಸುತ್ತಿದೆ, ಅದೇ ಹೊತ್ತಿಗೆ ಕೆಂಪು ಕಣಗಳು ಒಡೆಯುತ್ತಿವೆ. ಒಡೆದ ಕಣಗಳಿಂದಲೂ ಬಿಲಿರುಬಿನ್ ಹುಟ್ಟುತ್ತದೆ ಎಂಬುದು ನಿಮಗೆ ಗೊತ್ತು.

ಗಣಿತದವರಿಗಾಗಿ ಒಂದು ಮಾತು. ‘ಸಾಮಾನ್ಯ ಮಿತಿ’ ಎಂದು ಛಾಪಿಸುವುದು ಆರೋಗ್ಯವಂತರಲ್ಲಿ ಶೇ. 95ರಷ್ಟು ಜನ ಇರುವ ಮಿತಿ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಎಲ್ಲವೂ ಮಿತಿಯೊಳಗೆ ಬರುವ ಸಂಭವನೀಯತೆ 0.95ರ 20ನೇ ಘಾತ, ಸುಮಾರು 0.36. ಅಂದರೆ ನೂರು ಆರೋಗ್ಯವಂತರಲ್ಲಿ 64 ಮಂದಿಯ ರಿಪೋರ್ಟಿನಲ್ಲಿ ಒಂದಾದರೂ ಗುರುತು ಬಿದ್ದಿರುತ್ತದೆ. ಸಂಭವನೀಯತೆ ಯಾಕೆ ಕಲಿಯಬೇಕು ಎಂದು ಕೇಳುವವರು ಇದನ್ನು ನೆನಪಿಡಿ.

ಹೊಟ್ಟೆಯ ಕೆಳಗಿನ ಬಾವು, ಬಂದುಹೋಗುವ ಜ್ವರ, ಸುತ್ತಲೂ ಕಚ್ಚುವ ದೊಡ್ಡ ನೊಣಗಳು. ಇವನ್ನೆಲ್ಲ ನೋಡಿ ವೈದ್ಯರಿಗೆ ‘ಸರ್ರಾ’ ರೋಗದ ಅನುಮಾನ ಬಂತು. ಅದರ ಪರಾವಲಂಬಿ ಟ್ರಿಪನೊಸೋಮ ಇವಾನ್ಸಿ. ಬ್ರಿಟಿಷ್ ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್ 1880ರಲ್ಲಿ ಈಗಿನ ಪಾಕಿಸ್ತಾನದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಅದನ್ನು ಕಂಡ. ಆ ಜೀವಿಯೇ ರೋಗಕ್ಕೆ ಕಾರಣ ಎಂಬ ಅವನ ಮಾತನ್ನು ಆಗ ದೊಡ್ಡವರು ಒಪ್ಪಲಿಲ್ಲ.

ಮಧ್ಯಾಹ್ನ ತೆಗೆದ ರಕ್ತಲೇಪದಲ್ಲಿ ಏನೂ ಕಾಣಲಿಲ್ಲ. ನಾನು ‘ಹಾಗಾದರೆ ಸರ್ರಾ ಅಲ್ಲ’ ಎಂದೆ. ಎರಡನೇ ತಪ್ಪು. ಈ ಜೀವಿ ರಕ್ತದಲ್ಲಿ ಯಾವಾಗಲೂ ಸಿಗುವಷ್ಟು ಇರುವುದಿಲ್ಲ, ಜ್ವರ ಏರಿದಾಗ ಹೆಚ್ಚಾಗಿ ಸಿಗುತ್ತದೆ. ರಾತ್ರಿ ಜ್ವರ 104 ಡಿಗ್ರಿ ಮುಟ್ಟಿದಾಗ ಇನ್ನೊಂದು ಹನಿ ತೆಗೆದು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಕೆಂಪು ಕಣಗಳ ನಡುವೆ ಏನೋ ಮಿಣಮಿಣ ಹೊರಳಾಡುತ್ತಾ ಅವುಗಳನ್ನು ತಳ್ಳಾಡುತ್ತಿತ್ತು. ಚಾಚಾ ಅವರಿಗೂ ತೋರಿಸಿದೆ. ಅವರು ಕಣ್ಣು ತೆಗೆಯಲೇ ಇಲ್ಲ.

ಕ್ವಿನಾಪಿರಮಿನ್ ಚುಚ್ಚುಮದ್ದು ಕೊಟ್ಟರು. ಗುಣವಾಗುತ್ತಿದೆಯೋ ಇಲ್ಲವೋ ತಿಳಿಯುವುದಕ್ಕೂ ಕುದುರೆಯಲ್ಲಿ ಬೇರೆಯೇ ದಾರಿ. ನಾಯಿಯಲ್ಲಾಗಲಿ ಮನುಷ್ಯರಲ್ಲಾಗಲಿ ರಕ್ತ ಕಡಿಮೆಯಾದರೆ ಎಳೆಯ ಕೆಂಪು ಕಣಗಳು ಅಸ್ಥಿಮಜ್ಜೆಯಿಂದ ರಕ್ತಕ್ಕೆ ಬರುತ್ತವೆ, ಎಣಿಸಬಹುದು. ಕುದುರೆ ಅವನ್ನು ಬಲಿಯುವವರೆಗೆ ಮಜ್ಜೆಯಲ್ಲಿಯೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಕೆಲವು ದಿನಕ್ಕೊಮ್ಮೆ, ಕುದುರೆ ಶಾಂತವಿದ್ದಾಗ, ಪಿಸಿವಿ ಅಳೆಯುವುದೇ ಉಪಾಯ. 19, ಆಮೇಲೆ 21, ಆಮೇಲೆ 26. ಮೂರನೆಯ ಅಂಕಿ ಬಂದ ದಿನ ಚಾಚಾ ಫೋನ್ ಮಾಡಿ, ‘ಮೇವ ಸಾಲವಲ್ದು ಬೇಟಾ’ ಎಂದು ದೂರಿದರು. ಯಕೃತ್ತಿನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ರಾತ್ರಿಯ ಹನಿಯಿಂದಲೇ ಬಣ್ಣ ಹಾಕಿ ಮಾಡಿದ ಒಂದು ಸ್ಲೈಡು ನಮ್ಮ ಜೀವಶಾಸ್ತ್ರ ಪ್ರಯೋಗಾಲಯದ ಕಪಾಟಿನಲ್ಲಿದೆ. ನೋಡಬೇಕೆನ್ನುವವರು ಶನಿವಾರ ಪ್ರಾಕ್ಟಿಕಲ್ ಮುಗಿದ ಮೇಲೆ ಬನ್ನಿ. ಎಣ್ಣೆ ಹಾಕಿ 100ರ ಮಸೂರದಲ್ಲಿ ನೋಡಬೇಕು.