ಮೇಲಿನ ಮನೆಯವರಿಗೆ, ಮಗುವಿನ ಬಗ್ಗೆ

ಗಂಡನಿಗೆ ಏರ್‌ಪೋರ್ಟಿನಲ್ಲಿ ಪಾಳಿ ಕೆಲಸ, ಹೆಂಡತಿಗೆ ಹೆಬ್ಬಾಳದಾಚೆ ಆಫೀಸು, ಕಂಕುಳಲ್ಲೊಂದು ಮಗು. ಯಲಹಂಕ ಉಪನಗರಕ್ಕೆ ಹೀಗೆ ಬಾಡಿಗೆಗೆ ಬಂದು ನೆಲೆಯೂರಿದ ಸಂಸಾರಗಳನ್ನು ಬಹಳ ನೋಡಿದ್ದೇನೆ. ನಮ್ಮ ಮೇಲಿನ ಮನೆಗೆ ಬಂದಿರುವ ನೀವೂ ಅಂಥವರೇ. ಮಗುವಿನ ವಿಷಯ ಏನಾದರೂ ಹೇಳಿ ಅಮ್ಮಾ ಅಂತ ಕೇಳಿದಿರಲ್ಲ, ನಿಂತ ನಿಲುವಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆದುಕೊಡುತ್ತಿದ್ದೇನೆ. ಎಲ್ಲಕ್ಕಿಂತ ಮೊದಲ ಮಾತು: ಇಬ್ಬರೇ ಸೇರಿ ಬೆಳೆಸಿಬಿಡುತ್ತೇವೆ ಅಂತ ಹಟ ಹಿಡಿಯಬೇಡಿ. ನೆರೆಹೊರೆಯವರೂ ಕೈಹಾಕಲಿ.

• ಮಗುವಿನ ಮುಖ ನಾಲ್ಕು ಜನಕ್ಕೆ ಗುರುತಿರಲಿ. ಹಾಲಿನ ಬೂತಿನವರು, ಹೂವಿನಮ್ಮ, ಇಸ್ತ್ರಿ ಅಂಗಡಿಯವರು, ಎದುರುಮನೆಯ ಅಜ್ಜ, ಇವರೆಲ್ಲ ಹೆಸರು ಹಿಡಿದು ಕರೆಯುವಂತಾಗಲಿ. 1984ರಲ್ಲಿ ಇಲ್ಲಿ ರೈಲಿನ ವ್ಹೀಲ್ ಫ್ಯಾಕ್ಟರಿ ಶುರುವಾದಾಗ ಎಲ್ಲೆಲ್ಲಿಂದಲೋ ಬಂದ ಸಂಸಾರಗಳು ಕ್ವಾರ್ಟರ್ಸಿನಲ್ಲಿ ನೆಲೆ ನಿಂತವು. ತವರು ದೂರ, ಅತ್ತೆಮನೆಯೂ ದೂರ. ಬಾಣಂತಿಗೆ ಬಿಸಿನೀರು ಕಾಯಿಸಿದವರು ಪಕ್ಕದ ಮನೆಯವರೇ. ಇವತ್ತಿಗೂ ಅಂಥ ನೆರವಿನ ಅಗತ್ಯ ಕಮ್ಮಿಯಾಗಿಲ್ಲ. 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ, ನಮ್ಮ ಯಲಹಂಕದ ಕೇಂದ್ರೀಯ ವಿಹಾರದ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಅಂಥ ದಿನ ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿದ್ದರೆ, ಮಗುವನ್ನು ಎತ್ತಿಕೊಳ್ಳುವವರು ಯಾರು ಅನ್ನುವುದು ಮೊದಲೇ ಗೊತ್ತಿರಬೇಕು. ಮಾತು ಬಂದ ಮೇಲೆ ಎರಡು ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಒಂದು ನಿಮ್ಮದು, ಇನ್ನೊಂದು ಈ ಬೀದಿಯಲ್ಲೇ ಇರುವವರದು.

• ಗುರುತಿನವರು ಬೇಕು ಅಂದೆ, ಕಣ್ಣುಮುಚ್ಚಿ ನಂಬಿ ಅನ್ನಲಿಲ್ಲ. ಯಾರಾದರೂ ‘ಇದನ್ನು ಅಮ್ಮನಿಗೆ ಹೇಳಬೇಡ’ ಅಂದರೆ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು ಅಂತ ಕಲಿಸಿ. ‘ಆ ಮಾಮನ ಹತ್ತಿರ ಹೋಗಲ್ಲ’ ಅಂತ ಮಗು ಹಿಂದೆ ಸರಿದರೆ, ದೊಡ್ಡವರಿಗೆ ಮರ್ಯಾದೆ ಕೊಡು ಅಂತ ಮುಂದೆ ತಳ್ಳಬೇಡಿ. ಆ ಮಾಮ ಸ್ವಂತ ನೆಂಟನೇ ಆಗಿರಲಿ. ಮಗು ಏನಾದರೂ ಹೇಳಿದರೆ ನಂಬಿ, ಗದರಬೇಡಿ, ಮನೆತನದ ಮಾನ ಅಂತ ಮುಚ್ಚಿಡಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು 2012ರಿಂದ ಪೋಕ್ಸೋ ಕಾನೂನಿದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಸಹಾಯಕ್ಕೆ ಬರುತ್ತಾರೆ.

• ಹಿರಿಯರು ಹೇಳಿದ್ದೆಲ್ಲ ಸರಿ ಅಂತಲ್ಲ. ಹಿರಿಯಳಾದ ನಾನೇ ಹೇಳುತ್ತೇನೆ ಕೇಳಿ. ಎಳೆಗೂಸಿಗೆ ಜೇನು ನೆಕ್ಕಿಸಬೇಡಿ, ವರ್ಷ ತುಂಬುವ ತನಕ ಬೇಡವೇ ಬೇಡ. ಎಣ್ಣೆ ಹಚ್ಚಿ ನೀರು ಹಾಕಿ, ಆದರೆ ಕಿವಿಗೆ, ಮೂಗಿಗೆ ಎಣ್ಣೆ ಬಿಡಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿದರೆ ಮಗುವಿನ ಎದೆಗೆ ಒಳ್ಳೆಯದಲ್ಲ. ಆರು ತಿಂಗಳು ತಾಯಿ ಹಾಲು ಮಾತ್ರ, ನೀರೂ ಬೇಡ. ಆಮೇಲೆ ರಾಗಿ ಸರಿ, ಮೆದುವಾಗಿ ಕಿವುಚಿದ ಅನ್ನ ಬೇಳೆ. ರಾಗಿ ಸರಿ ಪುಡಿ ಮನೆಯಲ್ಲೇ ಮಾಡಿ: ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಪುಡಿ ಮಾಡಿ ಜರಡಿ ಹಿಡಿದರಾಯಿತು. ಮೊಳಕೆ ಬರಲು ಬಟ್ಟೆಯಲ್ಲಿ ಕಟ್ಟುವ ಕೆಲಸ ನನಗೆ ಬಿಡಿ. ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡು ಕಳೆಯಬೇಡಿ. ಸ್ವಲ್ಪ ನೆಗಡಿ ಇದೆ ಅಂತ ಲಸಿಕೆ ಮುಂದಕ್ಕೆ ಹಾಕಬೇಡಿ, ಕರೆದುಕೊಂಡು ಹೋಗಿ, ಬೇಕೋ ಬೇಡವೋ ಡಾಕ್ಟರೇ ಹೇಳಲಿ.

• ರಾತ್ರಿ ಪಾಳಿಯ ಅಪ್ಪನಿಗೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಹಗಲು ಮಲಗುವ ಅಪ್ಪಂದಿರು ಹೆಚ್ಚಾದರು. ಕ್ಯಾಬ್ ಓಡಿಸುವವರು, ಲಗೇಜ್ ಎತ್ತುವವರು, ಸೆಕ್ಯುರಿಟಿಯವರು. ಇಂಥ ಮನೆಗಳಲ್ಲಿ ಮಗು ದಿನವಿಡೀ ಕೇಳುವುದು ಒಂದೇ ಮಾತು, ‘ಶ್, ಅಪ್ಪ ಮಲಗಿದಾರೆ.’ ಹಾಗಾದರೆ ಅಪ್ಪ ಅಂದರೆ ಮುಚ್ಚಿದ ಬಾಗಿಲು ಅಂತಲೇ ಅದಕ್ಕೆ ತಿಳಿಯುತ್ತದೆ. ನೀವು ಹೀಗೆ ಮಾಡಿ ನೋಡಪ್ಪ: ಬೆಳಿಗ್ಗೆ ಬಂದ ತಕ್ಷಣ ಹಾಸಿಗೆಗೆ ಬೀಳುವ ಮುಂಚೆ ಮಗುವಿನ ಸ್ನಾನ ನಿಮ್ಮದು ಅಂತ ಇಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ. ಆಮೇಲೆ ನಿದ್ದೆ ಮಾಡಿ, ಅಷ್ಟು ಹೊತ್ತು ಮಗು ಕೆಳಗೆ ನಮ್ಮ ಮನೆಯಲ್ಲಿ ಗಲಾಟೆ ಮಾಡಿಕೊಂಡಿರಲಿ. ನಿದ್ದೆಗೆಟ್ಟ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಳ್ಳಬೇಡಿ. ಅವಳೂ ಬಸ್ಸಿನಲ್ಲಿ ನಿಂತು ಬಂದವಳೇ.

• ಊರಿಂದ ನಿಮ್ಮ ಅಮ್ಮನೋ ಅತ್ತೆಯೋ ಮಗು ನೋಡಿಕೊಳ್ಳಲು ಬರುತ್ತಾರೆ. ಅವರು ಆಯಾ ಅಲ್ಲ. ಈ ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಅದನ್ನು ಅವರು ಯಾವತ್ತೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಲ, ಹಸು, ಪಕ್ಕದ ಮನೆಯ ಮಾತುಕತೆ ಎಲ್ಲ ಬಿಟ್ಟು ಬಂದವರಿಗೆ ಇಲ್ಲಿ ಬೀಗ ಹಾಕಿದ ಗೇಟು, ಅರ್ಥವಾಗದ ಟಿ.ವಿ. ರಿಮೋಟು. ಮಂಡಿನೋವಿನಲ್ಲೇ ದಿನವಿಡೀ ಮಗುವಿನ ಹಿಂದೆ ಓಡುತ್ತಾರೆ. ವಾರಕ್ಕೊಂದು ಇಡೀ ದಿನ ಅವರಿಗೆ ರಜಾ ಕೊಡಿ. ಹಳೇ ಯಲಹಂಕದ ಕಡೆ ಕರೆದುಕೊಂಡು ಹೋಗಿ, ದೇವಸ್ಥಾನದ ಜಗಲಿಯಲ್ಲಿ ತಮ್ಮ ವಯಸ್ಸಿನವರ ಜೊತೆ ಕೂತು ಬರಲಿ. ಕೈಯಲ್ಲಿ ಸ್ವಲ್ಪ ದುಡ್ಡಿರಲಿ, ಸೊಪ್ಪು ತರಲೂ ಮಗನ ಮುಖ ನೋಡುವಂತಾಗಬಾರದು. ಅವರ ಕೈಯಲ್ಲಿ ಮಗು ಬಿದ್ದು ಮಂಡಿ ತರಚಿದರೆ ಮಗುವಿನ ಎದುರು ಅವರನ್ನು ಬಯ್ಯಬೇಡಿ. ಊರ ಹಬ್ಬಕ್ಕೆ ಹೋಗಬೇಕು ಅಂದರೆ ನೀವು ರಜಾ ಹಾಕಿ ಕಳಿಸಿಕೊಡಿ.

• ಮಗುವಿನ ಜೊತೆ ನಿಮ್ಮ ಮನೆಮಾತನ್ನೇ ಆಡಿ. ನಿಮ್ಮದು ಹಾವೇರಿ ಕಡೆಯ ಮಾತು, ಅದನ್ನು ಬೆಂಗಳೂರಿನ ಮಾತಿಗೆ ತಿದ್ದಬೇಡಿ. ‘ಬಾ ಇಲ್ಲೆ’ ಅಂತ ನೀವು ಕರೆಯುವಾಗಿನ ಅಕ್ಕರೆ ಮಗುವಿಗೆ ದಕ್ಕಲಿ. ಬೀದಿಯಲ್ಲಿ ತೆಲುಗು, ಉರ್ದು, ತಮಿಳು ತಾವಾಗಿಯೇ ಕಿವಿಗೆ ಬೀಳುತ್ತವೆ, ಇಂಗ್ಲಿಷನ್ನು ಶಾಲೆ ಕಲಿಸುತ್ತದೆ. ಕನ್ನಡ ಓದುವುದನ್ನು ಮಾತ್ರ ನೀವೇ ಕೂರಿಸಿಕೊಂಡು ಕಲಿಸಿ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಓದಿಸುತ್ತ ಬಂದರೆ ಪುಸ್ತಕದ ಭಯ ಹೋಗುತ್ತದೆ.

• ನಮ್ಮ ಯಲಹಂಕದ ವಾಯುನೆಲೆಯಲ್ಲಿ ಏರ್ ಶೋ ಬಂತೆಂದರೆ ಎಳೆ ಮಕ್ಕಳು ಬೆಚ್ಚಿಬೀಳುತ್ತವೆ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ, ಈಚೆಗೆಲ್ಲ ಫೆಬ್ರವರಿಯಲ್ಲಿ. ಅಭ್ಯಾಸ ಇನ್ನೂ ಮುಂಚೆಯೇ ಶುರು. ಆ ದಿನಗಳಲ್ಲಿ ಮಗುವನ್ನು ಒಂಟಿಯಾಗಿ ಕೋಣೆಯಲ್ಲಿ ಮಲಗಿಸಬೇಡಿ, ಎದೆಗೆ ಒತ್ತಿಕೊಂಡು ಮಾಡಿನ ಕೆಳಗೆ ನಿಂತು ಸದ್ದು ಎಲ್ಲಿಂದ ಬರುತ್ತಿದೆ ಅಂತ ಕೈ ತೋರಿಸಿ. ಕಣ್ಣಿಗೆ ಕಂಡ ಮೇಲೆ ಅರ್ಧ ಭಯ ಹೋಗುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಪ್ರಶ್ನೆಗಳು ಬರುತ್ತವೆ. ಏರ್ ಶೋ ಹೊತ್ತಿಗೆ ಮಟನ್ ಅಂಗಡಿ ಯಾಕೆ ಮುಚ್ಚಿದೆ? ಮಾಂಸದ ಚೂರಿಗೆ ಹದ್ದುಗಳು ಸುತ್ತುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅಪಾಯ. ಇಂಥ ಪ್ರಶ್ನೆಗೆ ‘ನಿನಗ್ಯಾಕೆ’ ಅನ್ನಬೇಡಿ. 2019ರಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಅಭ್ಯಾಸದ ವೇಳೆ ಆಕಾಶದಲ್ಲೇ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಆಗ ಮಕ್ಕಳು ಅವರ ಬಗ್ಗೆ ಕೇಳಿದವು. ಊರಿಗೆ ಹೋಗಿದ್ದಾರೆ ಅಂತ ಸುಳ್ಳು ಹೇಳುವುದು ಬೇಡ. ಸತ್ತುಹೋದರು, ಅವರ ಮನೆಯವರಿಗೆ ತುಂಬ ದುಃಖವಾಗಿದೆ, ನಮಗೂ ಆಗಿದೆ. ಇಷ್ಟು ಹೇಳಿ ಪಕ್ಕದಲ್ಲಿ ಕೂತರೆ ಮಗು ಅರ್ಥ ಮಾಡಿಕೊಳ್ಳುತ್ತದೆ.

• ಮಾಲ್ ಸುತ್ತುವ ಬದಲು ಪುಟ್ಟೇನಹಳ್ಳಿ ಕೆರೆಗೆ ಹೋಗಿ. 2015ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ಬಣ್ಣದ ಕೊಕ್ಕರೆ, ನೀರುಕಾಗೆ ಎಲ್ಲ ಕಾಣುತ್ತವೆ. ನವೆಂಬರಿನ ಹೊತ್ತಿಗೆ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ಕೃಷಿ ಮೇಳ ಇರುತ್ತದೆ, ಅಲ್ಲಿ ರಾಗಿ ತೆನೆಯನ್ನು ಮಗು ಕೈಯಲ್ಲಿ ಮುಟ್ಟಿ ನೋಡಲಿ.

• ಬಳ್ಳಾರಿ ರಸ್ತೆಯಲ್ಲಿ ಧಾವಂತ ಬೇಡ. ಒಂಬತ್ತು ತಿಂಗಳು ದಾಟಿದ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿದರೆ ಅದಕ್ಕೂ ಹೆಲ್ಮೆಟ್ ಬೇಕು, ನಾಲ್ಕು ವರ್ಷದ ತನಕ ನಿಮ್ಮ ಮೈಗೆ ಕಟ್ಟುವ ಬೆಲ್ಟೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟುವಂತಿಲ್ಲ. ಕಾನೂನೇ ಇದೆ. ಮಗ ಹೈಸ್ಕೂಲಿಗೆ ಬಂದಾಗ ಗಾಡಿ ಕೀ ಕೇಳುತ್ತಾನೆ, ಓಣಿಯ ತುದಿಯ ಅಂಗಡಿಗೂ ಕೊಡಬೇಡಿ. ಹದಿನೆಂಟು ತುಂಬದವನು ಲೈಸೆನ್ಸ್ ಇಲ್ಲದೆ ಓಡಿಸಿದರೇ ಸಾಕು, ಅಪ್ಪ ಅಮ್ಮನಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡ ಕಟ್ಟಬಹುದು, ಮುರಿದ ಬೆನ್ನುಮೂಳೆಯನ್ನು ಏನು ಮಾಡುತ್ತೀರಿ?

• ಮನೆಗೆಲಸದಲ್ಲಿ ಮಗುವಿಗೂ ಪಾಲಿರಲಿ. ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ ಬರುತ್ತದೆ. ನೆನೆಸಿದ ಕಾಳು ಹಿದಕುವುದು ಪುಟ್ಟ ಬೆರಳಿಗೆ ಹೇಳಿ ಮಾಡಿಸಿದ ಕೆಲಸ. ಅರ್ಧ ಕಾಳು ನೆಲದ ಮೇಲೆ ಹಾರಲಿ, ಪರವಾಗಿಲ್ಲ. ತಾನು ಹಿದಕಿದ ಬೇಳೆಯ ಸಾರನ್ನು ಮಗು ತಟ್ಟೆ ನೆಕ್ಕಿ ಉಣ್ಣುತ್ತದೆ, ಊಟದ ಹೊತ್ತಿಗೆ ಮೊಬೈಲ್ ಹಿಡಿಸಬೇಕಾಗುವುದಿಲ್ಲ.

• ಇಬ್ಬರೂ ಜೊತೆಯಾಗಿ ಹೊರಗೆ ಹೋಗದೆ ಎಷ್ಟು ದಿನವಾಯಿತು ಅಂತ ಯೋಚಿಸಿ. ಬರುವ ವಾರದ ರಜಾದಿನ ಸಂಜೆ ಮಗುವನ್ನು ನನ್ನ ಹತ್ತಿರ ಬಿಟ್ಟು ಒಂದು ದೋಸೆ ತಿಂದು ಬನ್ನಿ. ಎಂಟಕ್ಕೆ ಉಣ್ಣಿಸಿ ಮಲಗಿಸಿರುತ್ತೇನೆ. ಅದರ ಹಳೇ ಹೊದಿಕೆ ಮರೆಯದೆ ಕೊಟ್ಟುಹೋಗಿ, ಅದಿಲ್ಲದೆ ನಿದ್ದೆ ಮಾಡುವುದಿಲ್ಲ ಅಂದಿದ್ದಿರಿ.